ಚೀನೀ ಭಾಷೆ, ಸಂಸ್ಕೃತಿ, ಸಮಾಜ, ವ್ಯಾಪಾರ: ಯಾವ ಪದವಿ ಯಾರಿಗೆ?

ಪೀಣ್ಯದ ಸಣ್ಣ ಕಾರ್ಖಾನೆಯೊಂದರ ಮಾಲೀಕರು ಒಮ್ಮೆ ನನ್ನ ಮುಂದೆ ಒಂದು ಹಾಳೆ ಇಟ್ಟರು. ಚೀನಾದ ಡಾಂಗ್‌ಗುವಾನ್‌ನಿಂದ ಬರಬೇಕಿದ್ದ ಬಿಡಿಭಾಗಗಳ ಕರಾರು ಅದು. ಮುಂಗಡ ಕೊಟ್ಟಾಗಿತ್ತು, ಸರಕು ಬಂದಿರಲಿಲ್ಲ, ಮಾರಾಟಗಾರ ಕೈಯೆತ್ತಿದ್ದ. "ಮಾರುವವನು ಮಾತಿಗೆ ತಪ್ಪಿದರೆ ಮುಂಗಡದ ಎರಡರಷ್ಟು ವಾಪಸು ಕೊಡಬೇಕು ಎಂಬ ಕಾನೂನು ಅಲ್ಲಿದೆಯಂತೆ, ಹೌದೇ?" ಎಂದು ಕೇಳಿದರು.

ಕಾನೂನು ಇದೆ. ಆದರೆ ಮುಂಗಡವನ್ನು ಚೀನೀ ಭಾಷೆಯಲ್ಲಿ 'ತಿಂಗ್‌ಚಿನ್' ಎನ್ನುತ್ತಾರೆ, ಆ ಪದವನ್ನು ಎರಡು ರೀತಿಯಲ್ಲಿ ಬರೆಯುತ್ತಾರೆ. ಉಚ್ಚಾರ ಒಂದೇ, ದನಿಯ ಏರಿಳಿತವೂ ಒಂದೇ. ಒಂದರ ಮೊದಲ ಅಕ್ಷರದ ತಲೆಯ ಮೇಲೆ ಸೂರಿನ ಗುರುತಿದೆ. ಇನ್ನೊಂದರ ಎಡಕ್ಕೆ ಮಾತಿನ ಗುರುತಿದೆ. ಸೂರು ಇರುವ ತಿಂಗ್‌ಚಿನ್ ಖಾತರಿಯ ಹಣ. ಕೊಳ್ಳುವವನು ಹಿಂದೆ ಸರಿದರೆ ಅದು ಹೋಯಿತು, ಮಾರುವವನು ಹಿಂದೆ ಸರಿದರೆ ಇಮ್ಮಡಿ ಕೊಡಬೇಕು. 2021ರಲ್ಲಿ ಜಾರಿಗೆ ಬಂದ ಚೀನಾದ ನಾಗರಿಕ ಸಂಹಿತೆ ಹೇಳುವುದು ಇದರ ಬಗ್ಗೆ. ಮಾತಿನ ಗುರುತಿರುವ ತಿಂಗ್‌ಚಿನ್ ಬರಿಯ ಮುಂಗಡ, ಕೊಟ್ಟಷ್ಟೇ ವಾಪಸು ಕೇಳಬಹುದು. ಆ ಹಾಳೆಯಲ್ಲಿದ್ದದ್ದು ಎರಡನೆಯದು.

ಅವರ ಪಕ್ಕದಲ್ಲಿ ಕಚೇರಿಯ ಹುಡುಗನೊಬ್ಬ ನಿಂತಿದ್ದ. ಚೀನಾ ವ್ಯವಹಾರದ ಡಿಪ್ಲೊಮಾ ಮಾಡಿಕೊಂಡಿದ್ದವನು. ಫೋನಿನಲ್ಲಿ ಚೆನ್ನಾಗಿ ನಮಸ್ಕಾರ ಹೇಳುತ್ತಿದ್ದ, ಊಟವಾಯಿತೇ ಎಂದು ವಿಚಾರಿಸುತ್ತಿದ್ದ, ಬೆಲೆ ಕೇಳುತ್ತಿದ್ದ. ಆದರೆ ಈ ಎರಡು ಅಕ್ಷರಗಳ ಭೇದ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಮೊಬೈಲಿನ ಅನುವಾದ ಎರಡಕ್ಕೂ ಒಂದೇ ಇಂಗ್ಲಿಷ್ ಪದ ಕೊಟ್ಟಿತ್ತು. ಹುಡುಗ ಜಾಣ, ಶ್ರಮಜೀವಿ. ಅವನಿಗೆ ಕಲಿಸಿದವರು ವಾರಕ್ಕೆ ಎರಡು ಗಂಟೆ ಭಾಷೆ ಕಲಿಸಿ ಉಳಿದ ಹೊತ್ತೆಲ್ಲ ಇಂಗ್ಲಿಷಿನಲ್ಲಿ ಚೀನಾದ ಮಾರುಕಟ್ಟೆಯ ಬಗ್ಗೆ ಪಾಠ ಹೇಳಿದ್ದರು. ಅವನ ಮುಖ ಸಣ್ಣದಾದದ್ದು ಇನ್ನೂ ನನ್ನ ಕಣ್ಣಮುಂದಿದೆ.

ಚೀನೀ ಕಾಗದಪತ್ರಗಳ ಅನುವಾದ ನನ್ನ ಕಸುಬು. ಪಿಯುಸಿ ಮುಗಿಸಿದವರು, ಬಿಕಾಂ ಮುಗಿಸಿದವರು, ಅವರ ತಂದೆತಾಯಂದಿರು ಬಂದು "ಚೀನೀ ಓದಬೇಕು, ಎಲ್ಲಿ, ಯಾವ ಕೋರ್ಸು?" ಎಂದು ಕೇಳುತ್ತಾರೆ. ಅವರಿಗೆ ಬಾಯಲ್ಲಿ ಹೇಳುತ್ತಾ ಬಂದದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಹೆಸರು ಬಿಡಿ, ಗಂಟೆ ಎಣಿಸಿ

ವಿಶ್ವವಿದ್ಯಾಲಯಗಳ ಮಾಹಿತಿ ಪುಸ್ತಕದಲ್ಲಿ ಚೀನೀ ಭಾಷೆ ಮತ್ತು ಸಾಹಿತ್ಯ, ಚೀನಾ ಅಧ್ಯಯನ, ಪೂರ್ವ ಏಷ್ಯಾ ಅಧ್ಯಯನ, ಚೀನೀ ಭಾಷೆಯೊಂದಿಗೆ ವ್ಯವಹಾರ ನಿರ್ವಹಣೆ ಎಂದೆಲ್ಲ ಹೆಸರುಗಳಿರುತ್ತವೆ. ಹೆಸರು ನೋಡಿ ಆರಿಸಬೇಡಿ. ಮೊದಲ ಎರಡು ವರ್ಷ ವಾರಕ್ಕೆ ಎಷ್ಟು ಗಂಟೆ ಭಾಷೆಯ ತರಗತಿ ಎಂದು ವಿಚಾರಿಸಿ. ಎಲ್ಲ ಹೋಲಿಕೆಗೂ ಇದೇ ಅಳತೆಗೋಲು.

ಅಮೆರಿಕದ ವಿದೇಶಾಂಗ ಸೇವೆಯ ತರಬೇತಿ ಸಂಸ್ಥೆ ತನ್ನ ರಾಜತಾಂತ್ರಿಕರಿಗೆ ಭಾಷೆ ಕಲಿಸಿದ ಅನುಭವದಿಂದ ಒಂದು ಲೆಕ್ಕ ಇಟ್ಟಿದೆ: ಇಂಗ್ಲಿಷ್ ಮಾತೃಭಾಷೆಯವರು ಮ್ಯಾಂಡರಿನ್‌ನಲ್ಲಿ, ಅಂದರೆ ಪ್ರಮಾಣಿತ ಚೀನೀ ಭಾಷೆಯಲ್ಲಿ, ಕೆಲಸ ಮಾಡುವಷ್ಟು ಪಳಗಲು ಸುಮಾರು 2,200 ಗಂಟೆಗಳ ತರಗತಿ ಬೇಕು. ವಾರಕ್ಕೆ 15 ಗಂಟೆ, ಸೆಮಿಸ್ಟರಿಗೆ 16 ವಾರ, ಆರು ಸೆಮಿಸ್ಟರ್ ಎಂದರೆ 1,440 ಗಂಟೆ. ಉಳಿದದ್ದನ್ನು ಸ್ವಂತ ಓದಿನಿಂದಲೂ ಒಂದು ವರ್ಷ ಆ ಭಾಷಿಕರ ನಡುವೆ ಬದುಕಿಯೂ ತುಂಬಿಕೊಳ್ಳಬಹುದು. ವಾರಕ್ಕೆ ಎರಡು ಗಂಟೆಯ ಎರಡು ವರ್ಷದ ಕೋರ್ಸಿನಲ್ಲಿ ಸಿಗುವುದು 128 ಗಂಟೆ. ಇವೆರಡಕ್ಕೂ ಪ್ರಮಾಣಪತ್ರದಲ್ಲಿ 'ಚೀನೀ' ಎಂಬ ಪದ ಇರುತ್ತದೆ!

ಕನ್ನಡಿಗರಿಗೆ ಒಂದೆರಡು ಅನುಕೂಲಗಳಿವೆ, ಅವನ್ನು ಹೇಳದೆ ಮುಂದೆ ಹೋಗಲಾರೆ. ಚೀನೀ ವ್ಯಂಜನಗಳಲ್ಲಿ ಅಲ್ಪಪ್ರಾಣ, ಮಹಾಪ್ರಾಣಗಳ ಭೇದವೇ ಪ್ರಾಣ. ರೋಮನ್ ಲಿಪಿಯಲ್ಲಿ ಬರೆದಾಗ ಬಕಾರದಂತೆ ಕಾಣುವುದು ನಿಜವಾಗಿ ನಮ್ಮ ಪಕಾರ. ಪಕಾರದಂತೆ ಕಾಣುವುದು ನಮ್ಮ ಫಕಾರ. ಬೀಜಿಂಗ್ ಎಂದು ನಾವು ಬರೆಯುವ ಊರನ್ನು ಅಲ್ಲಿನವರು ಪೆಯ್‌ಚಿಂಗ್ ಎಂಬಂತೆ ಹೇಳುತ್ತಾರೆ. ಶಕಾರ, ಷಕಾರಗಳು ಅಲ್ಲಿ ಬೇರೆ ಬೇರೆ ಪದಗಳನ್ನೇ ಮಾಡುತ್ತವೆ. ಇಂಗ್ಲಿಷಿನವರು ತಿಂಗಳುಗಟ್ಟಲೆ ತಡಕಾಡುವ ಈ ಭೇದಗಳು ನಮ್ಮ ಅಕ್ಷರಮಾಲೆಯಲ್ಲೇ ಕೂತಿವೆ. ಆಡುಮಾತಿನಲ್ಲಿ ಮಹಾಪ್ರಾಣವನ್ನು ಸಡಿಲ ಬಿಟ್ಟವರು ಇಲ್ಲಿ ಅದನ್ನು ಬಿಗಿಹಿಡಿಯಬೇಕು, ಅಷ್ಟೇ. ವಾಕ್ಯರಚನೆಯಲ್ಲೂ ಒಂದು ನಂಟಿದೆ. 'ನಾನು ಕೊಂಡ ಪುಸ್ತಕ' ಎನ್ನುವುದನ್ನು ಚೀನೀಯರು 'ವೊ ಮಾಯ್ ದ ಷು' ಎನ್ನುತ್ತಾರೆ: ನಾನು, ಕೊಳ್ಳು, ಸಂಬಂಧ ತೋರಿಸುವ ಒಂದು ಕಿರುಪದ, ಪುಸ್ತಕ. ವಿಶೇಷಣ ಎಷ್ಟು ಉದ್ದವಿದ್ದರೂ ನಮ್ಮಲ್ಲಿಯಂತೆ ನಾಮಪದಕ್ಕಿಂತ ಮೊದಲೇ ಬರುತ್ತದೆ.

ಕಷ್ಟ ಇರುವುದು ದನಿಯಲ್ಲಿ, ಬರಹದಲ್ಲಿ. 'ಮಾಯ್' ಎಂದು ದನಿ ತಗ್ಗಿಸಿ ಎತ್ತಿದರೆ ಕೊಳ್ಳು. ಮೇಲಿನಿಂದ ಕೆಳಕ್ಕೆ ಇಳಿಸಿದರೆ ಮಾರು. ಎರಡನ್ನೂ ಕೂಡಿಸಿದ 'ಮಾಯ್‌ಮಾಯ್' ಎಂದರೆ ವ್ಯಾಪಾರ. ನಮ್ಮ ಕೊಡುಕೊಳ್ಳುವಿಕೆ ಇದ್ದಂತೆ. ಕಿವಿಗೆ ಇಂಥದ್ದು ಹತ್ತಲು ದಿನಕ್ಕೆರಡು ಗಂಟೆಯಾದರೂ ಬೇಕು, ತಪ್ಪಿದಾಗ ತಿದ್ದುವವರು ಎದುರಿಗಿರಬೇಕು. ಆದ್ದರಿಂದಲೇ ಗಂಟೆಯ ಲೆಕ್ಕವನ್ನು ಮೊದಲು ಹೇಳಿದ್ದು.

ಭಾಷೆಯನ್ನೇ ಮುಖ್ಯವಾಗಿ ಓದುವುದಾದರೆ

ಪಿಯುಸಿ ಮುಗಿಸಿದ ವಿದ್ಯಾರ್ಥಿಗೆ ನನ್ನ ಮೊದಲ ಸಲಹೆ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಚೀನೀ ಭಾಷೆಯ ಬಿಎ ಆನರ್ಸ್. ಅಕ್ಷರ ತಿಳಿಯದವರಿಗೂ ಮೊದಲಿನಿಂದ ಕಲಿಸುತ್ತಾರೆ, ಭಾಷೆಯೇ ಅಲ್ಲಿ ಬೆನ್ನೆಲುಬು, ಶುಲ್ಕ ಸಾಮಾನ್ಯ ಕುಟುಂಬಕ್ಕೆ ಎಟುಕುವಂಥದ್ದು. ಮುಂದೆ ಎಂಎ ಅಲ್ಲಿಯೇ ಇದೆ. ಪ್ರವೇಶಕ್ಕೆ ಸಿಯುಇಟಿ ಎಂಬ ರಾಷ್ಟ್ರಮಟ್ಟದ ಪರೀಕ್ಷೆ ಬರೆಯಬೇಕು. ಆ ಪರೀಕ್ಷೆಯನ್ನು ಕನ್ನಡ ಮಾಧ್ಯಮದಲ್ಲಿಯೂ ಬರೆಯಬಹುದು ಎನ್ನುವುದು ನಮ್ಮ ಜಿಲ್ಲೆಗಳ ಎಷ್ಟೋ ಮಕ್ಕಳಿಗೆ ಗೊತ್ತೇ ಇಲ್ಲ. ಡೆಹ್ರಾಡೂನಿನ ಡೂನ್ ವಿಶ್ವವಿದ್ಯಾಲಯ, ಗ್ಯಾಂಗ್ಟಕ್‌ನ ಸಿಕ್ಕಿಂ ವಿಶ್ವವಿದ್ಯಾಲಯಗಳಲ್ಲಿಯೂ ಪೂರ್ಣಪ್ರಮಾಣದ ಚೀನೀ ಪದವಿಗಳಿವೆ. ದೆಹಲಿಯಲ್ಲಿ ಸೀಟು ಸಿಗದಿದ್ದರೆ ಇವೆರಡನ್ನೂ ಗಂಭೀರವಾಗಿ ನೋಡಿ.

ಬೆಂಗಳೂರಿನಲ್ಲಿಯೇ ಇದ್ದು ಕಲಿಯಬಾರದೇ ಎನ್ನುವವರಿಗೆ: ಸರ್ಟಿಫಿಕೇಟ್, ಡಿಪ್ಲೊಮಾ ತರಗತಿಗಳು ಸಿಗುತ್ತವೆ. ಪದವಿಯ ಜೊತೆಗೆ ಬುನಾದಿ ಹಾಕಿಕೊಳ್ಳಲು ಅವು ಒಳ್ಳೆಯವು. ಅದರಾಚೆಗೆ ಸಾಗಲು ಊರು ಬಿಡಲೇಬೇಕು.

ಶ್ರೇಣಿ ಅಳೆಯಲು ಚೀನಾದ ಎಚ್‌ಎಸ್‌ಕೆ ಪರೀಕ್ಷೆ ಇದೆ. ಬಹುಕಾಲ ಬಳಕೆಯಲ್ಲಿದ್ದ ಆರು ಹಂತಗಳ ಲೆಕ್ಕದಲ್ಲಿ ಮೊದಲ ಹಂತಕ್ಕೆ 150 ಪದ, ನಾಲ್ಕನೆಯದಕ್ಕೆ 1,200, ಐದನೆಯದಕ್ಕೆ 2,500, ಆರನೆಯದಕ್ಕೆ 5,000. 2021ರಲ್ಲಿ ಒಂಬತ್ತು ಹಂತಗಳ ಹೊಸ ಮಾನದಂಡ ಪ್ರಕಟವಾಗಿದೆ. ಕಚೇರಿಯ ಮಾತುಕತೆಗೆ ಹಳೆಯ ಲೆಕ್ಕದ ನಾಲ್ಕು ಸಾಕು. ಕರಾರು ಓದಲು ಐದು ದಾಟಿರಬೇಕು. ಯಾವುದೇ ಪದವಿಯ ಬಗ್ಗೆ ವಿಚಾರಿಸುವಾಗ "ಮೂರನೆಯ ವರ್ಷದ ಕೊನೆಗೆ ನಿಮ್ಮ ವಿದ್ಯಾರ್ಥಿಗಳು ಎಷ್ಟನೆಯ ಹಂತ ಪಾಸಾಗಿರುತ್ತಾರೆ?" ಎಂದು ಕೇಳಿ. ನೇರ ಉತ್ತರ ಕೊಡುವವರನ್ನು ನಂಬಿ.

ಸಂಸ್ಕೃತಿಯ ಕಡೆ ಮನಸ್ಸಿದ್ದರೆ

ಇಲ್ಲಿ ನನಗೆ ಒಂದು ಪಕ್ಷಪಾತವಿದೆ, ಮುಚ್ಚಿಡುವುದಿಲ್ಲ: ಶಾಂತಿನಿಕೇತನ.

ರವೀಂದ್ರನಾಥ ಟ್ಯಾಗೋರರು 1924ರಲ್ಲಿ ಚೀನಾಕ್ಕೆ ಹೋಗಿ ಬಂದರು. ಮುಂದೆ ತಾನ್ ಯುನ್-ಷಾನ್ ಎಂಬ ತರುಣ ವಿದ್ವಾಂಸರು 1928ರಲ್ಲಿ ಶಾಂತಿನಿಕೇತನಕ್ಕೆ ಬಂದು ನೆಲೆಸಿದರು. ಅವರ ಓಡಾಟದಿಂದ, ಕೂಡಿಸಿದ ಹಣ ಮತ್ತು ಪುಸ್ತಕಗಳಿಂದ 1937ರಲ್ಲಿ ವಿಶ್ವಭಾರತಿಯಲ್ಲಿ ಚೀನಾ ಭವನ ತೆರೆಯಿತು. ಅಂದಿನಿಂದ ಅಲ್ಲಿ ಚೀನೀ ಕಲಿಕೆ ನಡೆದುಕೊಂಡು ಬಂದಿದೆ. ಬಿಎಯಿಂದ ಪಿಎಚ್‌ಡಿವರೆಗೆ ಓದಬಹುದು. ಬೌದ್ಧ ಗ್ರಂಥಗಳ ದೊಡ್ಡ ಸಂಗ್ರಹವಿರುವ ಅಲ್ಲಿನ ಗ್ರಂಥಾಲಯಕ್ಕಾಗಿಯೇ ಅಲ್ಲಿಗೆ ಹೋಗಬಹುದು ಎಂದು ನಾನು ಹೇಳುತ್ತೇನೆ.

ಇದು ಕನ್ನಡಿಗನಿಗೆ ಏಕೆ ಬೇಕು? ಹ್ಯುಯೆನ್ ತ್ಸಾಂಗ್ ಇಮ್ಮಡಿ ಪುಲಿಕೇಶಿಯ ರಾಜ್ಯಕ್ಕೆ ಬಂದಿದ್ದ ಎಂದು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಅವನ ಪ್ರವಾಸದ ದಾಖಲೆ ಸಿದ್ಧವಾದದ್ದು 646ರಲ್ಲಿ. ಅದರಲ್ಲಿ ನಮ್ಮ ಚಾಲುಕ್ಯ ದೊರೆಯ ಹೆಸರು ನಾಲ್ಕು ಚೀನೀ ಅಕ್ಷರಗಳಲ್ಲಿದೆ. ಇಂದಿನ ಉಚ್ಚಾರದಲ್ಲಿ ಪು-ಲುವೊ-ಚಿ-ಷೆ. ಅಲ್ಲಿನ ಜನರ ಅಭಿಮಾನ, ಉಪಕಾರಕ್ಕೆ ಉಪಕಾರ, ಅಪಮಾನಕ್ಕೆ ಸೇಡು ಎನ್ನುವ ಛಲ, ಹರ್ಷನಿಗೆ ಅವರು ಮಣಿಯದೆ ನಿಂತದ್ದು, ಎಲ್ಲವೂ ಆ ಬರಹದಲ್ಲಿದೆ. ನಾವು ಅದನ್ನು ಇಂಗ್ಲಿಷಿನಿಂದ ಬಂದ ಕನ್ನಡದಲ್ಲಿ ಓದುತ್ತೇವೆ. ನೇರವಾಗಿ ಮೂಲದಿಂದ ಓದಿ ಕನ್ನಡಕ್ಕೆ ತರುವ ಕೈಗಳು ನಮಗೆ ಬೇಕು. ಸಂಸ್ಕೃತ ಓದಿಕೊಂಡವರಿಗೆ ಇನ್ನೂ ದೊಡ್ಡ ಬಾಗಿಲಿದೆ. ಬೌದ್ಧ ತರ್ಕಶಾಸ್ತ್ರಜ್ಞ ದಿಙ್ನಾಗನ 'ನ್ಯಾಯಮುಖ' ಸಂಸ್ಕೃತದಲ್ಲಿ ಕಳೆದುಹೋಗಿ ಚೀನೀ ಅನುವಾದದಲ್ಲಿ ಮಾತ್ರ ಉಳಿದುಕೊಂಡಿದೆ. ಹೀಗೆ ಉಳಿದ ಗ್ರಂಥಗಳು ಬೇರೆಯೂ ಇವೆ. ಮೈಸೂರಿನಲ್ಲೋ ಮೇಲುಕೋಟೆಯಲ್ಲೋ ಸಂಸ್ಕೃತದ ಬುನಾದಿ ಹಾಕಿಕೊಂಡ ವಿದ್ಯಾರ್ಥಿ ಚೀನೀ ಕಲಿತರೆ ಮಾಡಬಹುದಾದ ಕೆಲಸ ಒಂದು ಜನ್ಮಕ್ಕೆ ಮುಗಿಯುವಂಥದ್ದಲ್ಲ.

ಎಚ್ಚರಿಕೆಯ ಒಂದು ಮಾತು: ಹ್ಯುಯೆನ್ ತ್ಸಾಂಗನ ಕಾಲದ ಚೀನೀ ಬರಹಕ್ಕೂ ಇಂದಿನ ಪತ್ರಿಕೆಯ ಚೀನೀ ಬರಹಕ್ಕೂ ಇರುವ ದೂರ ಹಳಗನ್ನಡಕ್ಕೂ ಹೊಸಗನ್ನಡಕ್ಕೂ ಇರುವ ದೂರಕ್ಕಿಂತ ಹೆಚ್ಚು. ಪ್ರಾಚೀನ ಚೀನೀ ಭಾಷೆ ಪಠ್ಯಕ್ರಮದಲ್ಲಿ ಇದೆಯೇ, ಕಲಿಸುವವರು ಇದ್ದಾರೆಯೇ ಎಂದು ಕೇಳದೆ ಸಂಸ್ಕೃತಿಯ ಪದವಿಗೆ ಸೇರಬೇಡಿ. ಕಾಗದ ಕತ್ತರಿಸುವ ಕಲೆ, ಚಹಾ ಸತ್ಕಾರ, ವಸಂತ ಹಬ್ಬದ ಹಾಡು ಇಷ್ಟನ್ನೇ ಸಂಸ್ಕೃತಿ ಎಂದು ಕಲಿಸುವ ಕಡೆ ಮೂರು ವರ್ಷ ಕಳೆಯುವುದು ನಷ್ಟ. ಉದ್ಯೋಗದ ದೃಷ್ಟಿಯಿಂದ ಇದು ನಿಧಾನದ ದಾರಿ ಎನ್ನುವುದನ್ನೂ ಮನೆಯವರಿಗೆ ಮೊದಲೇ ಹೇಳಿಬಿಡಿ.

ಸಮಾಜ, ರಾಜಕೀಯ

ದೆಹಲಿ ವಿಶ್ವವಿದ್ಯಾಲಯದ ಪೂರ್ವ ಏಷ್ಯಾ ಅಧ್ಯಯನ ವಿಭಾಗ ಶುರುವಾದದ್ದು 1964ರಲ್ಲಿ, ಚೀನಾ ಅಧ್ಯಯನ ಕೇಂದ್ರವಾಗಿ. ಚೀನಾದೊಡನೆ ಯುದ್ಧವಾಗಿ ಆಗ ಎರಡೇ ವರ್ಷ. ನೆರೆಯವನನ್ನು ನಾವು ಓದಿಯೇ ಇರಲಿಲ್ಲ ಎಂಬ ಅರಿವು ಆ ಸೋಲಿನಿಂದ ಬಂತು. ಇಂದು ಅಲ್ಲಿ ಎಂಎ ಇದೆ, ಪದವೀಧರರಿಗೆ ಒಂದು ವರ್ಷದ ತೀವ್ರ ಭಾಷಾ ಡಿಪ್ಲೊಮಾ ಕೂಡ ಇದೆ. ಜೆಎನ್‌ಯುನಲ್ಲಿ ಅಂತರರಾಷ್ಟ್ರೀಯ ಅಧ್ಯಯನ ಶಾಲೆಯೊಳಗಿನ ಪೂರ್ವ ಏಷ್ಯಾ ಕೇಂದ್ರ ಇದೇ ಕೆಲಸ ಮಾಡುತ್ತದೆ. ನಮಗೆ ಹತ್ತಿರದಲ್ಲಿ ಐಐಟಿ ಮದ್ರಾಸಿನ ಚೀನಾ ಅಧ್ಯಯನ ಕೇಂದ್ರವಿದೆ. ಬೆಂಗಳೂರಿನ ತಕ್ಷಶಿಲಾ ಸಂಸ್ಥೆಯಲ್ಲಿ ಚೀನಾವನ್ನು ದಿನನಿತ್ಯ ಗಮನಿಸುವ ಸಂಶೋಧಕರಿದ್ದಾರೆ.

ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳಲ್ಲಿ ಬಿಎ ಮಾಡಿದವರಿಗೆ ಈ ದಾರಿ ಸರಿಹೊಂದುತ್ತದೆ. ಆದರೆ ಇಲ್ಲಿಯೂ ಭಾಷೆಯ ಪ್ರಶ್ನೆ ಬೆನ್ನು ಬಿಡುವುದಿಲ್ಲ. ಒಂದು ಉದಾಹರಣೆ: ಚೀನಾದಲ್ಲಿ 'ಹುಖೋ' ಎಂಬ ಮನೆತನದ ನೋಂದಣಿ ಇದೆ, 1958ರ ನಿಯಮಾವಳಿಯಿಂದ ಬಂದದ್ದು. ಹಳ್ಳಿಯ ಹುಖೋ ಇರುವವನು ಶೆನ್‌ಜೆನ್‌ನಲ್ಲಿ ಇಪ್ಪತ್ತು ವರ್ಷ ದುಡಿದರೂ ಅವನ ಮಗ ಕಾಲೇಜು ಪ್ರವೇಶ ಪರೀಕ್ಷೆ ಬರೆಯಲು ಊರಿಗೆ ವಾಪಸು ಹೋಗಬೇಕಾಗಿ ಬರುತ್ತದೆ. ಕಲಬುರಗಿಯಿಂದ, ರಾಯಚೂರಿನಿಂದ ಬೆಂಗಳೂರಿಗೆ ಗುಳೆ ಬಂದವರ ಮಕ್ಕಳನ್ನು ಕಂಡ ನಮಗೆ ಇದು ಥಟ್ಟನೆ ಅರ್ಥವಾಗುತ್ತದೆ. ಹುಖೋ ಬಗ್ಗೆ ಇಂಗ್ಲಿಷಿನಲ್ಲಿ ಬೇಕಾದಷ್ಟು ಪುಸ್ತಕಗಳಿವೆ. ಆದರೆ ಯಾವ ನಗರ ಈ ವರ್ಷ ಯಾವ ಷರತ್ತು ಸಡಿಲಿಸಿತು, ಎಷ್ಟು ವರ್ಷದ ವಿಮೆ ಕಂತು ಕಟ್ಟಿರಬೇಕು ಎಂದು ಹೊರಡಿಸುವ ಆದೇಶ ಚೀನೀ ಭಾಷೆಯಲ್ಲಿರುತ್ತದೆ. ಅದನ್ನು ಓದಬಲ್ಲವನು ಸಂಶೋಧಕ. ಓದಲಾರದವನು ಬೇರೆಯವರು ಓದಿ ಬರೆದದ್ದಕ್ಕೆ ಕಾಯುತ್ತಾನೆ.

ನಾನು ಕೊಡುವ ಸಲಹೆ ಇದು: ಸಮಾಜದ ಪದವಿಗೆ ಸೇರುವ ಮೊದಲೇ ಒಂದು ವರ್ಷದ ತೀವ್ರ ಭಾಷಾ ಡಿಪ್ಲೊಮಾ ಮುಗಿಸಿಕೊಳ್ಳಿ. ಒಂದು ವರ್ಷ ಹಿಂದೆ ಬಿದ್ದಂತೆ ಅನ್ನಿಸಿದರೂ ಪಿಎಚ್‌ಡಿ ಹೊತ್ತಿಗೆ ಮೂರು ವರ್ಷ ಮುಂದಿರುತ್ತೀರಿ. ಆಗ ದೆಹಲಿಯ ಚೀನಾ ಅಧ್ಯಯನ ಸಂಸ್ಥೆ ಹಾರ್ವರ್ಡ್-ಯೆಂಚಿಂಗ್ ಸಂಸ್ಥೆಯ ಜೊತೆಗೂಡಿ ಕೊಡುವ ಸಂಶೋಧನಾ ವೇತನದಂಥ ಅವಕಾಶಗಳಿಗೂ ಅರ್ಜಿ ಹಾಕುವ ಬಲ ಬರುತ್ತದೆ.

ವ್ಯಾಪಾರದ ಹೆಸರಿನ ಪದವಿಗಳು

ಅತಿ ಹೆಚ್ಚು ಜನ ಕೇಳುವುದು ಇದನ್ನೇ. ನಾನು ಅತಿ ಹೆಚ್ಚು ತಡೆಯುವುದೂ ಇದನ್ನೇ.

2024-25ರಲ್ಲಿ ಭಾರತ ಚೀನಾದಿಂದ ತರಿಸಿಕೊಂಡ ಸರಕು ಸುಮಾರು 113 ಶತಕೋಟಿ ಡಾಲರಿನದು, ಕಳಿಸಿದ್ದು ಸುಮಾರು 14 ಶತಕೋಟಿ ಡಾಲರಿನದು. ಅಂದರೆ ನಮ್ಮ ಕಡೆ ಉದ್ಯೋಗ ಇರುವುದು ಹೆಚ್ಚಾಗಿ ಕೊಳ್ಳುವ ಬದಿಯಲ್ಲಿ: ಕಾರ್ಖಾನೆ ಹುಡುಕುವುದು, ಗುಣಮಟ್ಟ ಪರೀಕ್ಷಿಸುವುದು, ಕರಾರು ನೋಡುವುದು, ಹಡಗಿಗೆ ಸರಕು ಏರಿತೇ ಎಂದು ಬೆನ್ನು ಹತ್ತುವುದು. ಚೀನಾದ ಗುವಾಂಗ್‌ಝೌ ನಗರದ ವ್ಯಾಪಾರ ಮೇಳ 1957ರಿಂದ ವರ್ಷಕ್ಕೆ ಎರಡು ಬಾರಿ ನಡೆಯುತ್ತದೆ. ನಮ್ಮ ಚಿಕ್ಕಪೇಟೆಯ, ಹುಬ್ಬಳ್ಳಿಯ ವ್ಯಾಪಾರಿಗಳಿಗೂ ಅದರ ದಾರಿ ಗೊತ್ತು. ಈ ಕೆಲಸಗಳಿಗೆ ಬೇಕಾದ ವ್ಯವಹಾರ ಜ್ಞಾನವನ್ನು ಒಳ್ಳೆಯ ಬಿಕಾಂ ಕೊಡುತ್ತದೆ, ಅಥವಾ ಎರಡು ವರ್ಷದ ನೌಕರಿ ಕೊಡುತ್ತದೆ. ಭಾಷೆಯನ್ನು ನೌಕರಿ ಕೊಡುವುದಿಲ್ಲ. ಆದ್ದರಿಂದ ದುಡ್ಡನ್ನೂ ವರ್ಷಗಳನ್ನೂ ಭಾಷೆಗೆ ಹಾಕಿ, ವ್ಯಾಪಾರವನ್ನು ವ್ಯಾಪಾರದಲ್ಲೇ ಕಲಿಯಿರಿ.

ಇದಕ್ಕೆ ಅಪವಾದಗಳಿವೆ. ಶಾಂಘೈನ ಸಿಇಐಬಿಎಸ್ ಎಂಬ ವ್ಯವಹಾರ ಶಾಲೆಯಂಥ ಕಡೆ ಇಂಗ್ಲಿಷಿನಲ್ಲಿ ಎಂಬಿಎ ಇದೆ. ಅಲ್ಲಿಗೆ ಹೋಗುವವರು ಈಗಾಗಲೇ ಕೆಲಸದ ಅನುಭವ ಇದ್ದವರು, ಸಹಪಾಠಿಗಳ ಬಳಗಕ್ಕಾಗಿ ಹೋಗುವವರು. ಪೀಕಿಂಗ್ ವಿಶ್ವವಿದ್ಯಾಲಯದ ಯೆಂಚಿಂಗ್ ಅಕಾಡೆಮಿ ಮತ್ತು ತ್ಸಿಂಗ್‌ಹುವಾ ವಿಶ್ವವಿದ್ಯಾಲಯದ ಶ್ವಾರ್ಜ್‌ಮನ್ ಸ್ಕಾಲರ್ಸ್ ಎರಡೂ ಪೂರ್ಣ ವಿದ್ಯಾರ್ಥಿವೇತನ ಕೊಡುವ ಸ್ನಾತಕೋತ್ತರ ಕೋರ್ಸುಗಳು, ಪ್ರವೇಶಕ್ಕೆ ಚೀನೀ ಭಾಷೆ ಬರಲೇಬೇಕೆಂದಿಲ್ಲ. ಪೈಪೋಟಿ ಬಹಳ. ಯೋಗ್ಯತೆ ಇದ್ದವರು ಹಿಂಜರಿಯದೆ ಅರ್ಜಿ ಹಾಕಲಿ. ಮೊದಲನೆಯದು ಚೀನಾ ಅಧ್ಯಯನಕ್ಕೆ ಮೀಸಲು, ಎರಡನೆಯದು ಜಾಗತಿಕ ವ್ಯವಹಾರಗಳ ಒಂದು ವರ್ಷದ ಕೋರ್ಸು. ಚೀನಾದ ಬಗ್ಗೆಯೇ ಮುಂದೆ ಕೆಲಸ ಮಾಡುವವರಿಗೆ ಮೊದಲನೆಯದೇ ಮೇಲು.

ಬ್ರಿಟನ್ನಿನಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳು ಲಂಡನ್ನಿನ ಸೋಯಾಸ್ ಕಾಲೇಜು, ಲೀಡ್ಸ್ ವಿಶ್ವವಿದ್ಯಾಲಯ ಮುಂತಾದ ಕಡೆ ಚೀನೀ ಭಾಷೆಯ ಜೊತೆ ಇನ್ನೊಂದು ವಿಷಯ ಸೇರಿಸಿ ನಾಲ್ಕು ವರ್ಷದ ಪದವಿ ಮಾಡಬಹುದು, ಅದರಲ್ಲಿ ಒಂದು ವರ್ಷ ಚೀನಾದಲ್ಲೋ ತೈವಾನ್‌ನಲ್ಲೋ ಇರಬೇಕು. ಆ ಒಂದು ವರ್ಷವೇ ಪದವಿಯ ತಿರುಳು. ಅದು ಐಚ್ಛಿಕವಾಗಿದ್ದರೆ ಆ ಕೋರ್ಸು ಬೇಡ. ಕರ್ನಾಟಕದಿಂದ ಸಾಲ ಮಾಡಿ ಚೀನೀ ಕಲಿಯಲೆಂದು ಬ್ರಿಟನ್ನಿಗೆ ಹೋಗುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಬೀಜಿಂಗೋ, ತೈಪೆಯೋ

ದೇಶದಲ್ಲಿ ಎಷ್ಟೇ ಓದಿದರೂ ಒಂದು ವರ್ಷ ಹೊರಗಿರಬೇಕು. ಎಲ್ಲಿ?

ಬೀಜಿಂಗಿನ ಭಾಷೆ ಮತ್ತು ಸಂಸ್ಕೃತಿ ವಿಶ್ವವಿದ್ಯಾಲಯ 1962ರಲ್ಲಿ ವಿದೇಶೀಯರಿಗೆ ಚೀನೀ ಕಲಿಸುವುದಕ್ಕೇ ಹುಟ್ಟಿಕೊಂಡದ್ದು. ಇಂದಿಗೂ ಆ ಕೆಲಸದಲ್ಲಿ ಅದಕ್ಕೆ ದೊಡ್ಡ ಹೆಸರು. ಚೀನಾ ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕರೆ ಬೋಧನಾ ಶುಲ್ಕ, ವಸತಿ, ತಿಂಗಳ ಖರ್ಚು ನಡೆಯುತ್ತದೆ. ಚೀನೀ ಮಾಧ್ಯಮದ ಪದವಿಗೆ ಆಯ್ಕೆಯಾಗಿ ಭಾಷೆ ಬಾರದಿದ್ದರೆ ಮೊದಲು ಒಂದು ವರ್ಷ ಭಾಷೆ ಕಲಿಸುತ್ತಾರೆ. ಹಳ್ಳಿ, ಕಾರ್ಖಾನೆ, ಬಂದರು, ಸಮಾಜ, ಎಲ್ಲವನ್ನೂ ಅಲ್ಲಿಯೇ ಕಣ್ಣಾರೆ ಕಾಣಬಹುದು.

ತೈಪೆಯಲ್ಲಿ ರಾಷ್ಟ್ರೀಯ ತೈವಾನ್ ನಾರ್ಮಲ್ ವಿಶ್ವವಿದ್ಯಾಲಯದ ಮ್ಯಾಂಡರಿನ್ ತರಬೇತಿ ಕೇಂದ್ರವಿದೆ, 1956ರದು. ಸಣ್ಣ ತರಗತಿಗಳು, ದಿನವೂ ಪಾಠ. ತೈವಾನ್ ಸರ್ಕಾರದ ಹುವಾಯೂ ವಿದ್ಯಾರ್ಥಿವೇತನ ಭಾಷೆ ಕಲಿಯಲು ಬರುವವರಿಗೇ ಇದೆ, ಕೆಲವು ತಿಂಗಳಿಂದ ಒಂದು ವರ್ಷದವರೆಗೆ. ಪದವಿ ಓದುವವರಿಗೆ ಬೇರೆ ತೈವಾನ್ ವಿದ್ಯಾರ್ಥಿವೇತನವಿದೆ.

ದೊಡ್ಡ ವ್ಯತ್ಯಾಸ ಲಿಪಿಯದು. ಚೀನಾದ ಮುಖ್ಯಭೂಮಿ 1950ರ ದಶಕದಲ್ಲಿ ಅಕ್ಷರಗಳನ್ನು ಸರಳಗೊಳಿಸಿತು; ತೈವಾನ್, ಹಾಂಗ್‌ಕಾಂಗ್‌ಗಳು ಹಳೆಯ ಪೂರ್ಣ ರೂಪವನ್ನೇ ಉಳಿಸಿಕೊಂಡವು. ಮೇಲೆ ಹೇಳಿದ 'ಮಾಯ್' ತೆಗೆದುಕೊಳ್ಳಿ. ಹಳೆಯ ರೂಪದಲ್ಲಿ ಕೊಳ್ಳು ಎಂಬ ಅಕ್ಷರದ ಕೆಳಗೆ ಒಂದು ಕವಡೆ ಇದೆ, ಮೇಲೆ ಬಲೆಯಂಥ ಗುರುತಿದೆ. ಮಾರು ಎಂಬುದರಲ್ಲಿಯೂ ಕವಡೆ ಇದೆ. ಕವಡೆಯೇ ನಾಣ್ಯವಾಗಿದ್ದ ಕಾಲದ ನೆನಪು ಅದು, ನಮ್ಮ 'ಕವಡೆ ಕಾಸು' ಎಂಬ ಮಾತಿನಲ್ಲಿ ಉಳಿದಿರುವಂಥದ್ದೇ. ಸರಳ ರೂಪದಲ್ಲಿ ಈ ಎರಡೂ ಅಕ್ಷರಗಳಿಂದ ಕವಡೆ ಮಾಯವಾಗಿದೆ. ಹಳೆಯ ರೂಪ ಕಲಿತವರಿಗೆ ಸರಳ ರೂಪ ಕೆಲವು ತಿಂಗಳ ಅಭ್ಯಾಸದಲ್ಲಿ ಒಲಿಯುತ್ತದೆ. ಸರಳ ರೂಪದಿಂದ ಹಳೆಯ ರೂಪಕ್ಕೆ ಬರುವುದು ಹೆಚ್ಚು ಶ್ರಮ. ಹಾಗಾಗಿ ಪ್ರಾಚೀನ ಗ್ರಂಥಗಳ ಕಡೆಗೆ ಹೋಗುವವರಿಗೆ ತೈಪೆ, ಮುಖ್ಯಭೂಮಿಯ ಕಾರ್ಖಾನೆಗಳ ಜೊತೆ ವ್ಯವಹರಿಸುವವರಿಗೆ ಚೀನಾ ಎನ್ನುತ್ತೇನೆ. ಆದರೆ ದೇವನಹಳ್ಳಿಯ ಬಳಿ ಫಾಕ್ಸ್‌ಕಾನ್ ಕಟ್ಟಿರುವ ಕಾರ್ಖಾನೆಯನ್ನು ನೆನಪಿಡಿ. ಅದು ತೈವಾನಿನ ಕಂಪನಿ. ನಮ್ಮ ರಾಜ್ಯದ ಎಲೆಕ್ಟ್ರಾನಿಕ್ಸ್ ಉದ್ಯಮದಲ್ಲಿ ಕೆಲಸ ಹುಡುಕುವವರಿಗೆ ತೈವಾನಿನ ಒಂದು ವರ್ಷ ನೇರ ಉಪಯೋಗಕ್ಕೆ ಬರುತ್ತದೆ.

ರಾಜಕೀಯದ ಗಾಳಿಯನ್ನು ಲೆಕ್ಕಕ್ಕೆ ಹಿಡಿಯದೆ ಆರಿಸಬಾರದು. 2020ರ ಜೂನ್‌ನಲ್ಲಿ ಗಾಲ್ವಾನ್ ಘರ್ಷಣೆ ಆಯಿತು. ಮುಂದಿನ ತಿಂಗಳೇ ಬಂದ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ವಿದೇಶಿ ಭಾಷೆಗಳ ಪಟ್ಟಿಯಿಂದ ಚೀನೀ ಬಿಟ್ಟುಹೋಯಿತು. ಹಿಂದಿನ ವರ್ಷದ ಕರಡಿನಲ್ಲಿ ಅದು ಇತ್ತು. ಕೋವಿಡ್ ಕಾಲದಲ್ಲಿ ಊರಿಗೆ ಬಂದ ನಮ್ಮ ವಿದ್ಯಾರ್ಥಿಗಳು 2022ರವರೆಗೆ ಚೀನಾಕ್ಕೆ ಮರಳಲಾಗಲಿಲ್ಲ, ಪೂರ್ತಿ ಆನ್‌ಲೈನಿನಲ್ಲಿ ಮುಗಿಸಿದ ಪದವಿಯನ್ನು ಮುಂಚಿತ ಅನುಮತಿ ಇಲ್ಲದೆ ಒಪ್ಪುವುದಿಲ್ಲ ಎಂದು ಯುಜಿಸಿ ಎಚ್ಚರಿಸಿತು. ನೇರ ವಿಮಾನಗಳು ಮತ್ತೆ ಶುರುವಾದದ್ದು 2025ರ ಅಕ್ಟೋಬರಿನಲ್ಲಿ. ಈ ಐದು ವರ್ಷ ಚೀನಾದಲ್ಲಿ ಅರ್ಧ ಪದವಿ ಓದಿ ಸಿಕ್ಕಿಕೊಂಡ ಮಕ್ಕಳ ತಂದೆತಾಯಂದಿರ ಸಂಕಟವನ್ನು ಹತ್ತಿರದಿಂದ ನೋಡಿದ್ದೇನೆ. ಅದಕ್ಕೇ ನಾನು ಹೇಳುವ ಕ್ರಮ ಹೀಗೆ: ಪದವಿ ಭಾರತದಲ್ಲಿ, ಒಂದು ವರ್ಷದ ಭಾಷಾ ತರಬೇತಿ ಹೊರಗೆ. ಬಾಗಿಲು ಮತ್ತೆ ಮುಚ್ಚಿದರೂ ಕೈಯಲ್ಲಿ ಪದವಿ ಇರುತ್ತದೆ.

ಸಂಬಂಧ ಹದಗೆಟ್ಟ ಕಾಲದಲ್ಲಿ ಚೀನೀ ಬಲ್ಲವರ ಬೇಡಿಕೆ ಕಡಿಮೆಯಾಗುತ್ತದೆ ಎನ್ನುವುದು ಅರ್ಧ ಸತ್ಯ. ಪ್ರವಾಸ, ಮೊಬೈಲ್ ಕಂಪನಿ ಮುಂತಾದ ಕಡೆ ಕಡಿಮೆಯಾಯಿತು. ವಿದೇಶಾಂಗ, ರಕ್ಷಣೆ, ಸಂಶೋಧನೆಗಳಲ್ಲಿ ಬೇಡಿಕೆ ಉಳಿಯಿತು. ದೆಹಲಿಯಲ್ಲಿ ರಕ್ಷಣಾ ಸಚಿವಾಲಯದ ವಿದೇಶಿ ಭಾಷಾ ಶಾಲೆಯೇ ಚೀನೀ ಕಲಿಸುತ್ತದೆ, ದುಭಾಷಿ ತರಬೇತಿಯೂ ಇದೆ. ಸರ್ಕಾರಿ ಕೆಲಸದ ಕಡೆ ನೋಡುವವರು ಅದನ್ನು ಮರೆಯಬೇಡಿ.

ಅರ್ಜಿ ಹಾಕುವ ಮೊದಲು

ತೈವಾನಿನ ವಿದ್ಯಾರ್ಥಿವೇತನಗಳ ಅರ್ಜಿ ಸಾಮಾನ್ಯವಾಗಿ ಫೆಬ್ರವರಿ, ಮಾರ್ಚ್ ಸುಮಾರಿಗೆ ಬರುತ್ತದೆ. ಚೀನಾದವು, ಸಿಯುಇಟಿ ಕೂಡ ವರ್ಷದ ಮೊದಲ ತಿಂಗಳುಗಳಲ್ಲೇ. ಆದ್ದರಿಂದ ದೀಪಾವಳಿಗೆ ಒಂದು ಕೆಲಸ ಶುರುಮಾಡಿ. ಲೆಕ್ಕ ಬರೆಯುವ ಚೌಕಳಿ ಪುಸ್ತಕವೊಂದನ್ನು ತನ್ನಿ. ಚೀನೀ ಮಕ್ಕಳು ಅಕ್ಷರ ತಿದ್ದುವುದೂ ಚೌಕದೊಳಗೇ. ಹಳೆಯ ಲೆಕ್ಕದ ಎಚ್‌ಎಸ್‌ಕೆ ಮೊದಲ ಹಂತದ 150 ಪದಗಳ ಪಟ್ಟಿ ಇಟ್ಟುಕೊಂಡು ದಿನಕ್ಕೆ ನಾಲ್ಕು ಪದದಂತೆ, ಗೆರೆಗಳ ಕ್ರಮ ತಪ್ಪದೆ, ದನಿ ಎತ್ತಿ ಹೇಳುತ್ತಾ ಬರೆಯಿರಿ. ಮೊಬೈಲಿನಲ್ಲಿ ಒತ್ತುವುದು ಲೆಕ್ಕಕ್ಕಿಲ್ಲ, ಕೈಯಲ್ಲಿ ಬರೆಯಬೇಕು.

ಸಂಕ್ರಾಂತಿಯ ದಿನ ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ನೆನಪಿನಿಂದ ಎಷ್ಟು ಬರೆಯುತ್ತೀರಿ ನೋಡಿ. ನೂರು ದಾಟಿದರೆ ಭಾಷೆಯ ಪದವಿಗೆ ಧೈರ್ಯವಾಗಿ ಅರ್ಜಿ ಹಾಕಿ. ಐವತ್ತಕ್ಕೆ ನಿಂತರೂ ಪ್ರತಿ ಸಂಜೆ ಕೂರಲು ಬೇಸರವಾಗದಿದ್ದರೆ ಹಾಕಿ. ಬರೆಯುವುದು ಬೇಸರವಾಗಿ ಆ ದೇಶದ ಸುದ್ದಿ, ಇತಿಹಾಸ ಓದುತ್ತಾ ಕಾಲ ಕಳೆದಿದ್ದರೆ ಬಿಎ ಬೇರೆ ವಿಷಯದಲ್ಲಿ ಮಾಡಿ, ದೆಹಲಿಯ ಒಂದು ವರ್ಷದ ಡಿಪ್ಲೊಮಾವನ್ನು ಅದರ ನಂತರಕ್ಕೆ ಇಟ್ಟುಕೊಳ್ಳಿ. ಪೀಣ್ಯದ ಆ ಹುಡುಗ ಈಗ ಇದೇ ಚೌಕಳಿ ಪುಸ್ತಕ ಹಿಡಿದು ಭಾನುವಾರಗಳಲ್ಲಿ ನನ್ನ ಬಳಿ ಬರುತ್ತಾನೆ. ಮೊದಲ ದಿನ ಅವನು ಬರೆದದ್ದು ಎರಡು ತಿಂಗ್‌ಚಿನ್‌ಗಳನ್ನು, ಅಕ್ಕಪಕ್ಕ, ಒಂದು ಪುಟದ ತುಂಬ.